ಎರಡನೇ ಸಲ ಹೋಗಿ

ಕೇಳುಗರಿಗೆ ನಮಸ್ಕಾರ. ಚುನಾವಣೆ ಪ್ರಚಾರಕ್ಕೆ ಮೊದಲ ಸಲ ಮನೆಮನೆಗೆ ಹೊರಟಿರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳೋಣ ಅಂತ ಬಂದಿದ್ದೇನೆ. ನಿಮ್ಮ ಪಕ್ಷ ಯಾವುದಾದರೂ ಇರಲಿ. ನಾಲ್ಕರಲ್ಲಿ ಮುಖ್ಯವಾದದ್ದು ಒಂದೇ: ಹೋದ ಮನೆಗೆ ಇನ್ನೊಂದು ಸಲ ಹೋಗಿ.

2023ರ ವಿಧಾನಸಭೆ ಚುನಾವಣೆ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದು ಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿತ್ತು. ನಾನು ಪೇಟೆಯಲ್ಲಿ ಬೆಳೆದವನು, ಅರ್ಥವಾಗಲಿಲ್ಲ. ಚಪ್ಪಲಿ ಕಾಲಲ್ಲೇ ಹೊಸ್ತಿಲ ಹತ್ತಿರ ಹೋದೆ. "ಅಲ್ಲೇ ನಿಂತ್ಕೊಳ್ಳಪ್ಪಾ! ಹುಳು ಹಣ್ಣಾಗಿದೆ" ಅಂತ ಒಳಗಿಂದ ಅಜ್ಜಿ ಕೂಗಿದರು. ಹುಳುಗಳಿಗೆ ಹೊರಗಿನಿಂದ ರೋಗ ತಗಲದಿರಲಿ ಅಂತ ಆ ಸುಣ್ಣ ಚೆಲ್ಲಿದ್ದರು. ರೇಷ್ಮೆ ಸಾಕುವ ಮನೆಯಲ್ಲಿ ಹುಳು ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಅನ್ನಕ್ಕಿಡಲೂ ಪುರುಸೊತ್ತಿರುವುದಿಲ್ಲ. ಸೊಪ್ಪು ತಿನ್ನುವುದು ಬಿಟ್ಟ ಹುಳುಗಳನ್ನು ಆರಿಸಿ ಆರಿಸಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ತಡವಾದರೆ ಗೂಡು ಕೆಡುತ್ತದೆ. ಸುಮಾರು 25 ದಿನದ ದುಡಿಮೆ ಆ ಒಂದು ದಿನದ ಕೈಯಲ್ಲಿರುತ್ತದೆ. ಅಂಥ ಹೊತ್ತಿಗೆ ನಾನು ಕರಪತ್ರ ಹಿಡಿದು ನಿಂತಿದ್ದೆ! ಜೊತೆಗಿದ್ದವನು "ಈ ಮನೆ ನಮ್ಮದಲ್ಲ ಬಿಡಿ" ಅಂತ ಪಟ್ಟಿಯಲ್ಲಿ ಗೀಟು ಎಳೆದುಬಿಟ್ಟ. ಎಂಥ ತಪ್ಪು, ಅಲ್ವಾ?

ವಾರ ಬಿಟ್ಟು ಮತ್ತೆ ಹೋದೆ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಆಗಿತ್ತು. "ಅವತ್ತು ಬಂದೋನು ನೀನೇ ಅಲ್ವೇನಪ್ಪಾ, ಕೂತ್ಕೋ" ಅಂತ ಅಜ್ಜಿ ನೀರು ಕೊಟ್ಟರು. ಸೊಸೆಯ ಹೆಸರು ಇನ್ನೂ ಚಿಂತಾಮಣಿ ಕಡೆ ತವರಿನ ಪಟ್ಟಿಯಲ್ಲೇ ಇತ್ತು. ನಾಮಪತ್ರದ ಕಡೇ ದಿನ ದಾಟಿದ ಮೇಲೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಅದಕ್ಕೇ ತವರಿನ ಬೂತ್ ಯಾವುದು, ಕ್ರಮ ಸಂಖ್ಯೆ ಎಷ್ಟು ಅಂತ ಹುಡುಕಿ ಬರೆದುಕೊಟ್ಟೆ. ಚುನಾವಣೆ ಮುಗಿದ ಮೇಲೆ ಆಕೆಯ ಹೆಸರನ್ನು ಈ ಊರಿನ ಪಟ್ಟಿಗೆ ವರ್ಗಾಯಿಸುವ ಫಾರಂ 8 ತುಂಬಿಸಲು ಮೂರನೇ ಸಲವೂ ಹೋದೆ. ವೋಟು ಯಾರಿಗೆ ಹಾಕಿದರು ಅಂತ ಕೇಳಲಿಲ್ಲ, ಕೇಳಲೂಬಾರದು. ಮರುವರ್ಷ ಲೋಕಸಭೆ ಚುನಾವಣೆ ಬಂತು. ಆ ಬೀದಿಯಲ್ಲಿ ಅಜ್ಜಿಯೇ ನಮ್ಮ ಮುಂದೆ ನಡೆದು ಒಂದೊಂದೇ ಮನೆಯ ಬಾಗಿಲು ಬಡಿದರು.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ದುಡ್ಡು, ಸೀರೆ, ಕುಕ್ಕರ್ ಯಾವುದನ್ನೂ ಮುಟ್ಟಬೇಡಿ, ಅದು ಅಪರಾಧ. ಜಾತಿ, ಧರ್ಮದ ಹೆಸರಲ್ಲಿ ವೋಟು ಕೇಳಬೇಡಿ. 85 ದಾಟಿದವರಿದ್ದರೆ ಮನೆಯಿಂದಲೇ ವೋಟು ಹಾಕಲು ಫಾರಂ 12ಡಿ ಇದೆ ಅಂತ ಹೇಳಿ. ಮತದಾನದ ದಿನ ಬೂತಿನಿಂದ 100 ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ. ಗಂಟೆಗೆ ನಲವತ್ತು ಮನೆ ಮುಗಿಸಿದೆವು ಅಂತ ಸಂಜೆ ಲೆಕ್ಕ ಒಪ್ಪಿಸುವವರಿದ್ದಾರೆ. ದಯವಿಟ್ಟು ಹಾಗೆ ಎಣಿಸಬೇಡಿ. ಕರಪತ್ರ ಸುಮ್ನೆ ಬಾಗಿಲಿಗೆ ಸಿಕ್ಕಿಸಿ ಬಂದರೆ ಅದು ಮನೆಗೆ ಹೋದ ಹಾಗಲ್ಲ. ಯಾವ ಮನೆಯವರು ಯಾವಾಗ ಬಿಡುವಾಗುತ್ತಾರೆ ಅಂತ ಬರೆದುಕೊಳ್ಳಿ. ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಭಾನುವಾರ ಸಿಗುತ್ತಾರೆ. ಹಸು ಕಟ್ಟಿದವರು ಡೇರಿಗೆ ಹಾಲು ಹಾಕಿ ಬಂದ ಮೇಲೆ ಸಿಗುತ್ತಾರೆ.

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಸಭೆ, ಮೆರವಣಿಗೆ ಎಲ್ಲ ನಿಲ್ಲಬೇಕು. ಗದ್ದಲವಿಲ್ಲದೆ ಮನೆಗೆ ಹೋಗಿ ಮಾತಾಡಬಹುದು. ಮೊದಲ ಸಲ ಬಾಗಿಲು ತೆಗೆಯದ ಮನೆಗಳ ಪಟ್ಟಿ ಹಿಡಿದು ಆಗ ಹೊರಡಿ. ನಮಸ್ಕಾರ.