ಕಚ್ಚಬೇಡಿ, ಕರಗಲು ಬಿಡಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಖಾರದ ಚಾಕೊಲೇಟ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಚಾಕೊಲೇಟ್ ಅಂದ ಕೂಡಲೇ ಮಕ್ಕಳು ರೇಡಿಯೋ ಹತ್ತಿರ ಓಡಿ ಬಂದಿರಬಹುದು. ಮಕ್ಕಳೇ, ಇದು ನಿಮಗಲ್ಲ, ಹೋಗಿ ಆಡಿಕೊಳ್ಳಿ. ಇದು ಒಗ್ಗರಣೆ ಹಾಕುತ್ತಾ ಕೇಳುತ್ತಿರುವ ಅಕ್ಕನಿಗೆ, ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿರುವ ಅಣ್ಣನಿಗೆ. ಹಾಗಲಕಾಯಿ ತಿಂದು, ಮೆಣಸು ತಿಂದು ಪಳಗಿದ ನಾಲಿಗೆ ಬೇಕು ಇದಕ್ಕೆ.

ಚಾಕೊಲೇಟ್ ರುಚಿ ನೋಡುವುದೇ ನನ್ನ ಉದ್ಯೋಗ. ಕೇಳಿದವರೆಲ್ಲ ನಗುತ್ತಾರೆ, ನಗಲಿ. ನಾನು ಹೇಳುವುದರಲ್ಲಿ ಉಳಿದದ್ದೆಲ್ಲ ಮರೆತರೂ ಅಡ್ಡಿಯಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ: ಕಚ್ಚಬೇಡಿ, ಕರಗಲು ಬಿಡಿ.

ಈಗ ಮೆಕ್ಸಿಕೋ ನಗರ ಇದೆಯಲ್ಲ, ಅದೇ ಜಾಗದಲ್ಲಿ 500 ವರ್ಷದ ಹಿಂದೆ ಟೆನೋಚ್‌ಟಿಟ್ಲಾನ್ ಇತ್ತು. ಸರೋವರದ ನಡುವೆ ಕಟ್ಟಿದ ಊರು, ಅಜ್ಟೆಕ್ ಜನರ ರಾಜಧಾನಿ. ಚಾಕೊಲೇಟಿಗೆ ಬೀಜ ಕೊಡುವ ಕೊಕ್ಕೋ ಗಿಡ ಆ ಎತ್ತರದ ಚಳಿಗೆ ಬದುಕುವುದಿಲ್ಲ. ಬೀಜ ದೂರದ ಸೊಕೊನುಸ್ಕೊ ಕರಾವಳಿಯಿಂದ ಕಪ್ಪವಾಗಿ ಬರುತ್ತಿತ್ತು, ಜನರ ಬೆನ್ನ ಮೇಲೆ. ಎತ್ತು, ಕುದುರೆ ಅವರಲ್ಲಿ ಇರಲೇ ಇಲ್ಲ. ಆ ಬೀಜವೇ ಸಂತೆಯಲ್ಲಿ ಚಿಲ್ಲರೆ ದುಡ್ಡೂ ಹೌದು. ಸ್ಪೇನಿನವರು ಬಂದ ಮೇಲೆ, 1545ರಲ್ಲಿ, ತ್ಲಾಸ್ಕಾಲ ಅನ್ನುವಲ್ಲಿ ಬರೆದ ಒಂದು ದರಪಟ್ಟಿ ಉಳಿದಿದೆ. ಒಂದು ಹೆಣ್ಣು ಟರ್ಕಿ ಕೋಳಿಗೆ ಒಳ್ಳೆ ಬೀಜ 100, ಒಂದು ದೊಡ್ಡ ಟೊಮೆಟೊಗೆ 1. ಲೋಟ ಎತ್ತಿದರೆ ದುಡ್ಡು ಕುಡಿದ ಹಾಗೆ, ಅಲ್ವಾ?

ಹೌದು, ಕುಡಿಯುತ್ತಿದ್ದರು. ಬೀಜ ಹುರಿದು, ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ಕದಡಿ, ಒಣಮೆಣಸು, ವೆನಿಲ್ಲಾ, 'ದೊಡ್ಡ ಕಿವಿ' ಅಂತ ಅವರು ಕರೆಯುತ್ತಿದ್ದ ಒಂದು ಹೂವಿನ ಎಸಳು ಹಾಕುತ್ತಿದ್ದರು. ಸಕ್ಕರೆ ಅವರಿಗೆ ಗೊತ್ತೇ ಇರಲಿಲ್ಲ, ಬೇಕಿದ್ದರೆ ಜೇನು. ಆಮೇಲೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ನೊರೆ ಬರಿಸುವುದು. ನಮ್ಮ ಹೋಟೆಲಿನಲ್ಲಿ ಕಾಫಿ ಎತ್ತಿ ಹೊಯ್ಯುತ್ತಾರಲ್ಲ, ಥೇಟ್ ಹಾಗೆ. ಆಗ ಅಲ್ಲಿದ್ದ, ಹೆಸರು ಹೇಳಿಕೊಳ್ಳದ ಒಬ್ಬ ಸ್ಪೇನಿನವನು ಬರೆದಿಟ್ಟಿದ್ದಾನೆ: ಇದನ್ನು ಬಾಯಿ ಅಗಲಿಸಿ ಕುಡಿಯಬೇಕು, ನೊರೆ ಬಾಯಲ್ಲಿ ಇಳಿದು ಸ್ವಲ್ಪ ಸ್ವಲ್ಪವೇ ಒಳಗೆ ಹೋಗಬೇಕು ಅಂತ. ನಾನು ಹೇಳುತ್ತಿರುವುದೂ ಅದೇ. ಅವಸರ ಬೇಡ.

ಕಚ್ಚಿ ತಿನ್ನುವ ಬಾರ್ ಬಂದದ್ದು 1847ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಹಾಗಾಗಿ ಪಿರಮಿಡ್ ಚಿತ್ರ ಹಾಕಿ 'ಅಜ್ಟೆಕ್' ಅಂತ ಬರೆದ ಬಾರ್ ನೋಡಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಒಳಗೆ ದಾಲ್ಚಿನ್ನಿ ಬೇರೆ! ದಾಲ್ಚಿನ್ನಿ ನಮ್ಮ ಕಡೆಯದು ಸ್ವಾಮಿ. ಮೆಣಸಿನಕಾಯಿ ಅವರದು, ಪೋರ್ಚುಗೀಸರ ಹಡಗು ಹತ್ತಿ ನಮ್ಮಲ್ಲಿಗೆ ಬಂತು. ಇರಲಿ, ರುಚಿ ಚೆನ್ನಾಗಿದ್ದರೆ ಸರಿ.

ಇಲ್ಲಿ ನನ್ನ ದೊಡ್ಡಪ್ಪನ ಕತೆ ಹೇಳಲೇಬೇಕು. ಪುತ್ತೂರಿನ ಹತ್ತಿರ ಅವರ ಅಡಿಕೆ ತೋಟ, ಅಡಿಕೆಯ ನಡುವೆ ಕೊಕ್ಕೋ. 30 ವರ್ಷದಿಂದ ಕಾಯಿ ಒಡೆದು ಹಸಿ ಬೀಜ ಮಾರುತ್ತಿದ್ದಾರೆ. ಅಳಿಲಿಗೆ, ಮಂಗಕ್ಕೆ ಬೈದದ್ದಕ್ಕೆ ಲೆಕ್ಕವಿಲ್ಲ. ಆದರೆ ಕಡು ಚಾಕೊಲೇಟ್ ಬಾಯಿಗೆ ಹಾಕಿದವರೇ ಅಲ್ಲ. ಒಮ್ಮೆ 70 ಪರ್ಸೆಂಟು ಕೊಕ್ಕೋ ಇರುವ, ಮೆಣಸು ಹಾಕಿದ ಬಾರ್ ತೆಗೆದುಕೊಂಡು ಹೋದೆ. ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಎಲೆಯಡಿಕೆ ತಟ್ಟೆ ಎಳೆದುಕೊಳ್ಳುತ್ತಿದ್ದರು. ಅದೇ ತಟ್ಟೆಯ ಅಂಚಿನಲ್ಲಿ ನಾಲ್ಕು ತುಂಡು ಇಟ್ಟೆ. ಒಂದನ್ನು ಬಾಯಿಗೆಸೆದು, ಹುರಿಗಡಲೆ ತಿಂದ ಹಾಗೆ ಕಟಕಟ ಅಗಿದು ನುಂಗಿದರು. ಮೂರು ಸೆಕೆಂಡು!

"ಎಂತ ಮಾರಾಯ್ತಿ ಇದು? ಕಷಾಯದ ಗಸಿಯಾ? ಸಕ್ಕರೆ ಹಾಕಲು ಮರೆತು ಹೋಯಿತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ಹೋಯಿತು. ಮೊದಲನೆಯದೇ ಹಾಳಾಗಿತ್ತೋ ಏನೋ ಅಂತ ಅವರ ಅನುಮಾನ. ಹಿಂದೆಯೇ ಮೂರನೆಯದು. ಆಗ ಬಂತು ನೋಡಿ ಖಾರ, ಮೂರು ತುಂಡಿನದ್ದೂ ಒಟ್ಟಿಗೆ. ಮುಖ ಕೆಂಪು, ಕಣ್ಣಲ್ಲಿ ನೀರು, ಬಿಕ್ಕಳಿಕೆ. ಚೊಂಬು ನೀರು ಗಟಗಟ ಕುಡಿದರೂ ಇಳಿಯಲಿಲ್ಲ. ಕೊನೆಗೆ ದೊಡ್ಡಮ್ಮ ಮಜ್ಜಿಗೆ ತಂದು ಕೊಟ್ಟರು. "ಮಂಗವಾದರೆ ನೋಡಿ ತಿನ್ನುತ್ತದೆ" ಅಂತ ಒಂದು ಮಾತೂ ಕೊಟ್ಟರು.

ಸಂಜೆ ನಾಲ್ಕನೆಯ ತುಂಡು ಹಿಡಿದುಕೊಂಡು ಕೂತೆ. "ದೊಡ್ಡಪ್ಪ, ಕಚ್ಚಬೇಡಿ. ನಾಲಿಗೆ ಮೇಲಿಟ್ಟು ಬಾಯಿ ಮುಚ್ಚಿ. ಮಾತಾಡಬೇಡಿ." ಮಾತಾಡದೆ ಇರುವುದು ಅವರಿಗೆ ಮಹಾ ಕಷ್ಟ. ಆದರೂ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಹುಬ್ಬು ಮೇಲೇರಿತು. ಒಂದು ಬೆರಳು ಮಡಚಿದರು. ಇನ್ನೊಂದು. ಇನ್ನೊಂದು. ಪೂರ್ತಿ ಕರಗಿದ ಮೇಲೆ ಹೇಳಿದರು: "ಮೊದಲು ಕಹಿ. ಮತ್ತೆ ಒಂದು ಹುಳಿ ಉಂಟು. ಅದು ಎಂತದು ಹೇಳಲಾ? ಹಸಿ ಬೀಜ ಗೋಣಿಯಲ್ಲಿ ಎರಡು ದಿನ ಉಳಿದರೆ ಬರುತ್ತದಲ್ಲ, ಆ ವಾಸನೆ. ಕಡೆಗೆ ಮೆಣಸು. ಅದು ನಾಲಿಗೆಗಲ್ಲ, ಗಂಟಲಿಗೆ."

ನೋಡಿ! ಬೀಜವನ್ನು ಪೆಟ್ಟಿಗೆಯಲ್ಲಿ ಐದಾರು ದಿನ ಹುಳಿ ಬರಿಸುತ್ತಾರೆ. ಚಾಕೊಲೇಟಿನ ಪರಿಮಳಕ್ಕೆ ಅಲ್ಲೇ ಬುನಾದಿ. ತರಬೇತಿಗೆ ಬಂದವರಿಗೆ ಆ ಹುಳಿ ಗುರುತಿಸಲು ನಾನು ವಾರಗಟ್ಟಲೆ ಕಲಿಸುತ್ತೇನೆ. ದೊಡ್ಡಪ್ಪ ಒಂದೇ ತುಂಡಿನಲ್ಲಿ ಹಿಡಿದರು. ಕಚ್ಚಲಿಲ್ಲ, ಅಷ್ಟೇ.

ಕಾರಣ ಸರಳ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಕೊಕ್ಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಅಂದರೆ ನಮ್ಮ ಬಾಯಿಯ ಬಿಸಿಯೇ ಸಾಕು. ಬೆಣ್ಣೆ ಕರಗಿದ ಹಾಗೆ ಅದರೊಳಗೆ ಅಡಗಿದ ಖಾರ ನಿಧಾನವಾಗಿ ಹೊರಗೆ ಬರುತ್ತದೆ. ದೊಡ್ಡಪ್ಪನ ಖಾರ ಚೊಂಬು ನೀರಿಗೆ ಯಾಕೆ ಜಗ್ಗಲಿಲ್ಲ ಅಂತ ಈಗ ತಿಳಿಯಿತಲ್ಲ?

ಅಯ್ಯೋ, ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ. ಒಂದೇ ನಿಮಿಷ ಉಳಿದಿದೆಯಂತೆ. ಮೆಣಸಿನ ಜಾತಿಗಳ ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಹೋಯಿತು. ಬೇಗ ಹೇಳುತ್ತೇನೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ತಿನ್ನಬೇಡಿ, ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಮುರಿದಾಗ ಟಕ್ ಅನ್ನಬೇಕು. ಮೊದಲು ಮೂಸಿ ನೋಡಿ. ಖಾರ ಇಲ್ಲದ್ದು ಮೊದಲು, ಖಾರದ್ದು ಆಮೇಲೆ. ಚಿಪೋಟ್ಲೆ ಅಂತ ಬರೆದಿದ್ದರೆ ಅದು ಹೊಗೆ ಹಾಕಿದ ಮೆಣಸು, ಹೊಗೆ ವಾಸನೆ ಹುಡುಕಿ. ಮನೆಯಲ್ಲೇ ಮಾಡುವವರು ಬ್ಯಾಡಗಿ ಮೆಣಸು ಹುರಿದು ಪುಡಿ ಮಾಡಿ ಹಾಕಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಚಿಟಿಕೆ ಸಾಕು. ಪಕ್ಕದಲ್ಲಿ ಮಜ್ಜಿಗೆ ಇರಲಿ. ಮತ್ತೆ, ದಯವಿಟ್ಟು, ಕಚ್ಚಬೇಡಿ.

ದೊಡ್ಡಪ್ಪ ಈಗ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಆ ನಾಲ್ಕನೆಯ ತುಂಡಿನಂಥದ್ದು ಇನ್ನೊಂದು ಉಂಟಾ?" ಮೊದಲ ಮೂರೂ ಅದೇ ಬಾರಿನದ್ದು ಅಂದರೆ ಒಪ್ಪುವುದೇ ಇಲ್ಲ.

ನಮಸ್ಕಾರ.