ಒಂದು ಯೂನಿಟ್ ಕರೆಂಟ್ ಅಂದ್ರೆ ಎಷ್ಟು, ಯಾರಿಗೆ, ಯಾವಾಗ

ಎಲ್ರಿಗೂ ನಮಸ್ಕಾರ. ಶಕ್ತಿ ಅಂತ ಟಾಪಿಕ್ ಕೊಟ್ಟಿದ್ದಾರೆ, ಭಾಳ ದೊಡ್ಡದು, ಅದಕ್ಕೆ ನಾನು ಕರೆಂಟ್ ಬಿಲ್ಲಲ್ಲಿ ಬರೋ ಒಂದು ಯೂನಿಟ್ಟನ್ನ ಹಿಡ್ಕೊಂಡೇ ಮಾತಾಡ್ತೀನಿ.

ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್. ಹಂಗಂದ್ರೆ ಯಾರಿಗೂ ತಲೆಗೆ ಹೋಗಲ್ಲ ಬಿಡಿ. ಒಂದು ಸಾವಿರ ಲೀಟರ್ ನೀರನ್ನ 367 ಮೀಟರ್ ಮೇಲಕ್ಕೆ ಎತ್ತೋಕೆ ಬೇಕಾಗೋ ಕೆಲಸ ಅದು. ಜೋಗದ ಎತ್ತರ 253 ಮೀಟರ್, ಸೋ ಅಲ್ಲಿಂದ ಸುಮಾರು 1,450 ಲೀಟರ್ ಬಿದ್ರೆ, ಮಧ್ಯದಲ್ಲಿ ಏನೂ ನಷ್ಟ ಆಗ್ಲಿಲ್ಲ ಅಂತಿಟ್ಕೊಂಡ್ರೆ, ಒಂದು ಯೂನಿಟ್. ಗಟ್ಟಿಮುಟ್ಟಾದ ಆಳು ದಿನಕ್ಕೆ 8 ಗಂಟೆ ಮೈ ಮುರಿದು ದುಡಿದ್ರೂ 0.6 ಯೂನಿಟ್ ಆಸುಪಾಸು ಅಷ್ಟೇ. ನಾವು ಗೀಸರ್ ಹಾಕಿ ಮರೆತು ಅರ್ಧ ಗಂಟೆಲಿ ಅದನ್ನ ಮುಗಿಸಿಬಿಡ್ತೀವಿ!

ಇಷ್ಟೊಂದು ದುಡಿಮೆ ತಂತಿಲಿ ಹರಿದು ಬರೋಕೆ ಶುರುವಾದ್ರೆ ಮೊದ್ಲು ಯಾರ ಮನೆಗೆ ಹೋಗುತ್ತೆ? 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಉತ್ಪಾದನೆ ಶುರುವಾಯ್ತು, ಅದು ಮೊದ್ಲು ಹೋಗಿದ್ದು ಪಕ್ಕದ ಹಳ್ಳಿಗಳಿಗಲ್ಲ, ಮೈಸೂರು ಅರಮನೆಗೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ದುಡ್ಡು ಕೊಡೋ ಗಿರಾಕಿ ಅಲ್ಲಿದ್ರು. ಈ ಯೋಜನೆ ಹಿಂದೆ ಬಿದ್ದಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದು ಚಾಲೂ ಆಗೋದನ್ನ ನೋಡ್ಲೇ ಇಲ್ಲ, 1901ರಲ್ಲೇ ತೀರ್ಕೊಂಡ್ರು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಬೇಸಿಗೇಲಿ ಕಾವೇರಿ ಬತ್ತಿದ್ರೆ ಗಣಿಗೆ ಕರೆಂಟ್ ಸಾಲಲ್ಲ, ಕನ್ನಂಬಾಡಿ ಕಟ್ಟೆ ಕಟ್ಟೋಕೆ ಇದೂ ಒಂದು ಕಾರಣ. ನಾವು ಬರೀ ಮಂಡ್ಯದ ಗದ್ದೆ ಕಥೆ ಹೇಳ್ತೀವಿ.

ಇನ್ನು ಯಾವಾಗ ಅನ್ನೋದು. ಇದು ರೈತರನ್ನ ಕೇಳಿದ್ರೆ ಗೊತ್ತಾಗುತ್ತೆ. 5 ಎಚ್‌ಪಿ ಮೋಟರ್ 7 ಗಂಟೆ ಓಡಿದ್ರೆ ಅದು ನಲವತ್ತಕ್ಕೂ ಹೆಚ್ಚು ಆಳುಗಳ ಒಂದು ದಿನದ ದುಡಿಮೆ, ಅದೂ ಫ್ರೀ. ಆದ್ರೆ ಪಂಪ್ ಮೋಟರ್ ಓಡೋಕೆ ಬೇಕಾದ ತ್ರೀ ಫೇಸ್ ಕರೆಂಟ್ ಕೊಡೋದು ರಾತ್ರಿ 2 ಗಂಟೆಗೆ ಅಂದ್ರೆ? ಟಾರ್ಚ್ ಹಿಡ್ಕೊಂಡು ಹಾವು ಚೇಳು ನೋಡ್ಕೊಂಡು ತೋಟಕ್ಕೆ ಹೋಗ್ಬೇಕು, ಇಲ್ಲಾಂದ್ರೆ ಆಟೋ ಸ್ಟಾರ್ಟರ್ ಹಾಕಿಸಿ ಮಲಗ್ಬೇಕು. ಎಲ್ರೂ ಆಟೋ ಹಾಕಿಸಿದ್ರೆ ಕರೆಂಟ್ ಬಂದ ಸೆಕೆಂಡಲ್ಲೇ ಊರಿನ ಮೋಟರೆಲ್ಲ ಒಟ್ಟಿಗೆ ಎದ್ದು ಲೋಡ್ ಎಳೀತವೆ, ಟಿಸಿ, ಅಂದ್ರೆ ಊರಿನ ಟ್ರಾನ್ಸ್‌ಫಾರ್ಮರ್, ಢಂ ಅನ್ನುತ್ತೆ, ಹೊಸ ಟಿಸಿ ಬರೋವರೆಗೂ ಬೆಳೆ ಒಣಗುತ್ತೆ. ಪುಕ್ಕಟೆ ಕೊಡ್ತಾರಲ್ಲ ಅಂತ ಪೇಟೆಯೋರು ಬೈತಾರೆ, ಬೈಯೋರು ಒಂದ್ಸಲ ಆ ಹೊತ್ತಲ್ಲಿ ಅಡಿಕೆ ತೋಟದೊಳಗೆ ಹೋಗಿ ಬರ್ಲಿ.

ಈಗ ಸೋಲಾರ್ ಬಂದು ಲೆಕ್ಕ ಉಲ್ಟಾ ಆಗಿದೆ, ಹಗಲಲ್ಲಿ ಕರೆಂಟ್ ಧಾರಾಳ, ಸಂಜೆ ಎಲ್ಲ ಮನೆ ಲೈಟು ಟಿವಿ ಹತ್ತೋ ಹೊತ್ತಿಗೆ ಸೂರ್ಯ ಇಲ್ಲ. ಹಾಗಾಗಿ ಪಂಪ್‌ಸೆಟ್ಟಿಗೆ ಹಗಲೇ ಕೊಡೋಕೆ ಆಗುತ್ತೆ, ಕೊಡ್ಲೇಬೇಕು ಅಂತೀನಿ ನಾನು. ಪಾವಗಡದಲ್ಲಿ ಸುಮಾರು 13,000 ಎಕರೆಲಿ 2,050 ಮೆಗಾವ್ಯಾಟಿನ ಪಾರ್ಕು, ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುಮಾಡಿ ಲೀಸಿಗೆ ತಗೊಂಡ್ರು. ಮಳೆ ನಂಬ್ಕೊಂಡು ಶೇಂಗಾ ಹಾಕ್ತಿದ್ದೋರಿಗೆ ಒಳ್ಳೇದೇ. ಆದ್ರೆ ಆ ಹೊಲಗಳಿಗೆ ಕೂಲಿಗೆ ಹೋಗ್ತಿದ್ದೋರಿಗೆ, ಕುರಿ ಮೇಯಿಸ್ತಿದ್ದೋರಿಗೆ ಲೀಸ್ ದುಡ್ಡು ಎಲ್ಲಿಂದ ಬರ್ಬೇಕು?

ಹಗಲಿನ ಕರೆಂಟನ್ನ ಸಂಜೆಗೆ ಇಡೋಕೆ ಶರಾವತಿಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಮಾಡ್ತೀವಿ ಅಂತಿದ್ದಾರೆ, ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನ ಹಗಲಲ್ಲಿ ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ಎತ್ತೋಕೆ ಹಾಕಿದ ಕರೆಂಟೆಲ್ಲ ವಾಪಸ್ ಬರಲ್ಲ, ಇಂಥ ಯೋಜನೆಗಳಲ್ಲಿ ಐದನೇ ಒಂದು ಭಾಗ ಆಗ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಆಗ್ಲಿ ಹೋಗೇ ಹೋಗುತ್ತೆ. ಅದರ ಜೊತೆಗೆ ಅದು ಸಿಂಗಳೀಕ ಅನ್ನೋ ಅಪರೂಪದ ಕೋತಿ ಇರೋ ಕಾಡು. ಅದೇ ಶರಾವತಿಯ ಲಿಂಗನಮಕ್ಕಿ ಡ್ಯಾಮಿಗೆ ಅಂತ 1960ರ ದಶಕದಲ್ಲಿ ಎದ್ದು ಹೋದ ಎಷ್ಟೋ ಕುಟುಂಬಗಳು ಕೊಟ್ಟ ಜಮೀನಿನ ಹಕ್ಕುಪತ್ರಕ್ಕೆ ಇನ್ನೂ ಆಫೀಸು ಅಲೀತಿವೆ, ಅದು ಮುಗೀದೆ ಅದೇ ಕಣಿವೆಲಿ ಇನ್ನೊಂದು ಶುರು ಮಾಡೋದು ನಂಗಂತೂ ಒಪ್ಪಿಗೆ ಇಲ್ಲ. ಬ್ಯಾಟರಿ ಯಾಕಾಗಬಾರದು ಅಂತ ಹಿಂದೆ ಕೂತಿರೋ ಹುಡುಗ್ರು ಆಗ್ಲೇ ಕೈ ಎತ್ತಿದಾರೆ, ಕೇಳ್ರಪ್ಪ, ಮೈಕ್ ಅಲ್ಲಿಗೆ ಕೊಡಿ.