ವಾಯೇಜರ್ ಮನೆಯ ಖರ್ಚುವೆಚ್ಚ

ಕೇಳುಗರಿಗೆ ನಮಸ್ಕಾರ.

ನಾಸಾದ ವಾಯೇಜರ್ ಬಾಹ್ಯಾಕಾಶ ನೌಕೆಗಳ ಬಗ್ಗೆ ಯಾವ ಸಾಕ್ಷ್ಯಚಿತ್ರ ನೋಡಿದರೂ ಕೊನೆಯ ಹತ್ತು ನಿಮಿಷ ಹೆಚ್ಚುಕಡಿಮೆ ಒಂದೇ ಥರ. ಗುರು, ಶನಿ, ಯುರೇನಸ್, ನೆಪ್ಚೂನ್ ಮುಗಿದವು, ಇನ್ನು ಬರೀ ಕತ್ತಲು. ಆ ಕತ್ತಲಲ್ಲಿ ಬೆಳ್ಳಗೆ ಹೊಳೆಯುವ ಬಟ್ಟಲಿನಂಥ ಆಂಟೆನಾ, ಹಿನ್ನೆಲೆಯಲ್ಲಿ ಪಿಟೀಲು. ಆ ದೃಶ್ಯ ಕಂಪ್ಯೂಟರಿನಲ್ಲಿ ಬರೆದದ್ದು. ವಾಯೇಜರ್ 1ರ ಕ್ಯಾಮೆರಾ 1990ರ ಫೆಬ್ರುವರಿ 14ರಂದೇ ಆರಿಹೋಯಿತು. ಅಲ್ಲಿ ಹೊಳೆಯಲು ಬಿಸಿಲೂ ಇಲ್ಲ; ನಮ್ಮ ಅಂಗಳಕ್ಕೆ ಬೀಳುವುದರ 25 ಸಾವಿರದಲ್ಲಿ ಒಂದು ಪಾಲೂ ಸಿಗದು.

ಅನ್ಯಲೋಕದವರು ಸಿಕ್ಕರೆ ಕೇಳಲೆಂದು ಧ್ವನಿ ಮುದ್ರಿಸಿಟ್ಟ ಚಿನ್ನದ ಲೇಪದ ತಾಮ್ರದ ತಟ್ಟೆಗೂ ಈ ಚಿತ್ರಗಳಲ್ಲಿ ಬಹಳ ಹೊತ್ತು ಸಿಗುತ್ತದೆ. ಅದರಲ್ಲಿರುವ 55 ಭಾಷೆಗಳ ಶುಭಾಶಯಗಳಲ್ಲಿ ನಮ್ಮದೂ ಇದೆ: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಅಭಿಮಾನದ ಮಾತೇ. ಆದರೆ ಆ ತಟ್ಟೆಗೆ ಕರೆಂಟು ಬೇಡ, ಬಿಸಿ ಬೇಡ, ರಿಪೇರಿ ಬೇಡ. ಇವೆಲ್ಲ ಬೇಕಾಗಿರುವುದು ನೌಕೆಯ ಉಳಿದ ಭಾಗಕ್ಕೆ. ಐವತ್ತು ವರ್ಷ ಹತ್ತಿರವಾಗುತ್ತಿರುವ ಆ ಸಂಸಾರವನ್ನು ಹೇಗೆ ತೂಗಿಸುತ್ತಿದ್ದಾರೆ ಎಂಬುದೇ ಇವತ್ತಿನ ವಿಷಯ.

ಮೊದಲು ಆದಾಯ. 1977ರಲ್ಲಿ ಆಗಸ್ಟ್ 20ಕ್ಕೆ ವಾಯೇಜರ್ 2, ಸೆಪ್ಟೆಂಬರ್ 5ಕ್ಕೆ ವಾಯೇಜರ್ 1 ಹೊರಟವು. ಸೂರ್ಯನಿಂದ ಅಷ್ಟು ದೂರ ಹೋಗುವವಕ್ಕೆ ಸೌರಫಲಕ ಕಟ್ಟಿ ಪ್ರಯೋಜನವಿಲ್ಲ. ಹಾಗಾಗಿ ಪ್ಲುಟೋನಿಯಂ 238ರ ಶಾಖವನ್ನು ಥರ್ಮೋಕಪಲ್‌ಗಳಿಂದ ವಿದ್ಯುತ್ತಾಗಿಸುವ ಮೂರು ಜನರೇಟರು. ಹೊರಡುವಾಗ ಒಟ್ಟು ಸುಮಾರು 470 ವ್ಯಾಟ್. ಪ್ಲುಟೋನಿಯಂ ಅರ್ಧಕ್ಕಿಳಿಯಲು 87.7 ವರ್ಷ ಬೇಕು; ಆ ಲೆಕ್ಕದಲ್ಲಿ ಇವತ್ತಿಗೂ ಮೂರರಲ್ಲಿ ಎರಡು ಪಾಲು ಉಳಿದಿರಬೇಕಿತ್ತು. ಉಳಿದಿರುವುದು ಅರ್ಧದಷ್ಟೂ ಇಲ್ಲ, ಏಕೆಂದರೆ ಥರ್ಮೋಕಪಲ್‌ಗಳೂ ಸವೆಯುತ್ತಿವೆ. ವರ್ಷಕ್ಕೆ ಸುಮಾರು 4 ವ್ಯಾಟ್ ಖೋತಾ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಹಾಸಿಗೆಯೇ ವರ್ಷವರ್ಷ ಗಿಡ್ಡವಾಗುತ್ತಿದೆ. ಮೊದಲು ಹೀಟರುಗಳನ್ನು ಆರಿಸಿದರು. 2019ರಲ್ಲಿ ವಾಯೇಜರ್ 2ರ ವಿಶ್ವಕಿರಣ ಉಪಕರಣದ ಹೀಟರ್ ನಿಂತಾಗ ಅದು ಮೈನಸ್ 59 ಡಿಗ್ರಿಗೆ ಇಳಿಯಿತು. ಭೂಮಿಯಲ್ಲಿ ಪರೀಕ್ಷಿಸಿದ್ದು ಮೈನಸ್ 45ರವರೆಗೆ ಮಾತ್ರ. ಆದರೂ ಕೆಲಸ ನಿಲ್ಲಲಿಲ್ಲ. 2023ರಲ್ಲಿ ಅದೇ ನೌಕೆಯಲ್ಲಿ, ವೋಲ್ಟೇಜ್ ಏರಿಳಿದರೆ ಕಾಪಾಡಲೆಂದು ಎತ್ತಿಟ್ಟಿದ್ದ ಚೂರು ವಿದ್ಯುತ್ತನ್ನೂ ತೆಗೆದು ಉಪಕರಣಗಳಿಗೆ ಕೊಟ್ಟರು. ಆಪತ್ಕಾಲಕ್ಕೆಂದು ಸಾಸಿವೆ ಡಬ್ಬಿಯಲ್ಲಿಟ್ಟ ಹಣಕ್ಕೆ ಕೈ ಹಾಕಿದ ಹಾಗೆ. ಇಷ್ಟಾದರೂ ಹತ್ತತ್ತು ಉಪಕರಣ ಹೊತ್ತು ಹೊರಟವುಗಳಲ್ಲಿ 2025ರ ಮಾರ್ಚ್ ಹೊತ್ತಿಗೆ ಓಡುತ್ತಿದ್ದದ್ದು ಮೂರು ಮೂರು.

ವಿದ್ಯುತ್ ಇದ್ದರಷ್ಟೇ ಸಾಲದು, ಆಂಟೆನಾ ಭೂಮಿಯ ಕಡೆಗೇ ಮುಖ ಮಾಡಿರಬೇಕು. ಪ್ರೇಷಕದ ಶಕ್ತಿ ಸುಮಾರು 23 ವ್ಯಾಟ್. ಹಳೆಯ ಟ್ಯೂಬ್‌ಲೈಟಿಗೂ ಸಾಲದು. 2023ರ ಜುಲೈಯಲ್ಲಿ ತಪ್ಪು ಆದೇಶದಿಂದ ವಾಯೇಜರ್ 2ರ ಮುಖ ಬರೀ 2 ಡಿಗ್ರಿ ತಿರುಗಿದ್ದಕ್ಕೆ ಮಾತೇ ನಿಂತಿತ್ತು. ಮುಖ ತಿದ್ದುವುದು ಹೈಡ್ರಜೀನ್ ಎಂಬ ಇಂಧನ ಉಗುಳುವ ಪುಟ್ಟ ಥ್ರಸ್ಟರುಗಳ ಕೆಲಸ. ತೊಂದರೆ ಬಂದದ್ದು ಇಂಧನದ ಟ್ಯಾಂಕಿನಿಂದ. ಅದರೊಳಗಿನ ರಬ್ಬರ್ ಪೊರೆ ಹಳತಾಗಿ ಸಿಲಿಕಾನ್ ಡೈಆಕ್ಸೈಡ್ ಬಿಡುತ್ತದೆ, ಅದು ಇಂಧನದ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ವಾಯೇಜರ್ 1ರ ಒಂದು ಕೊಳವೆಯ ರಂಧ್ರ 0.25 ಮಿಲಿಮೀಟರಿನಿಂದ 0.035ಕ್ಕೆ ಇಳಿಯಿತು, ತಲೆಗೂದಲಿನ ಅರ್ಧ ದಪ್ಪ. 2024ರಲ್ಲಿ ಬೇರೆ ಥ್ರಸ್ಟರುಗಳಿಗೆ ಬದಲಾಯಿಸಬೇಕಾಯಿತು. ತಣ್ಣಗಿರುವವನ್ನು ಹಾಗೇ ಹೊತ್ತಿಸುವಂತಿಲ್ಲ, ಬಿಸಿ ಮಾಡಲು ಹೆಚ್ಚಿನ ವಿದ್ಯುತ್ತಿಲ್ಲ. ಮುಖ್ಯ ಹೀಟರೊಂದನ್ನು ಒಂದು ಗಂಟೆ ಆರಿಸಿ ಆ ಪಾಲನ್ನು ಇತ್ತ ತಿರುಗಿಸಿದರು.

ನೆನಪಿನ ಕಾಯಿಲೆಯ ಕಥೆಯನ್ನು ಕೊಂಚ ಬಿಡಿಸಿ ಹೇಳಬೇಕು. 2023ರ ನವೆಂಬರ್ 14ರಿಂದ ವಾಯೇಜರ್ 1ರ ಸಂಕೇತ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಸೊನ್ನೆ ಒಂದುಗಳ ಒಂದೇ ವಿನ್ಯಾಸ ಮತ್ತೆ ಮತ್ತೆ. ಮಾಹಿತಿಯನ್ನು ಜೋಡಿಸಿ ಕಳುಹಿಸುವ ಕಂಪ್ಯೂಟರಿನ ಮೇಲೆ ಅನುಮಾನ ಬಿತ್ತು. ಏನು ಕೇಳಿದರೂ ಉತ್ತರಕ್ಕೆ 45 ಗಂಟೆ ಕಾಯಬೇಕಿತ್ತು: ಹೋಗಲು 22.5, ಬರಲು 22.5. ಮಾರ್ಚ್‌ನಲ್ಲಿ, ಕಾರ್ಯಕ್ರಮದ ಬೇರೆ ಭಾಗಕ್ಕೆ ನೆಗೆದು ನೋಡು ಎಂಬಂಥ ಆದೇಶ ಕಳುಹಿಸಿದಾಗ, ಬಂದ ಗೊಂದಲದ ನಡುವೆ ಆ ಕಂಪ್ಯೂಟರಿನ ಇಡೀ ನೆನಪಿನ ಪ್ರತಿ ಸಿಕ್ಕಿತು. ಹಳೆಯ ಪ್ರತಿಯ ಪಕ್ಕ ಇಟ್ಟು ನೋಡಿದರೆ ಸುಮಾರು ಶೇಕಡ 3ರಷ್ಟು ಕೆಟ್ಟಿದೆ. ಕಾರಣ ಒಂದೇ ಚಿಪ್. ಅದನ್ನು ಕಿತ್ತು ಬೇರೆ ಹಾಕುವವರು ಯಾರು? ಅಲ್ಲಿದ್ದ ಕೋಡ್ ಹಿಡಿಸುವಷ್ಟು ಖಾಲಿ ಜಾಗ ಮತ್ತೆಲ್ಲೂ ಒಟ್ಟಿಗಿರಲಿಲ್ಲ. ಹಾಗಾಗಿ ತುಂಡು ಮಾಡಿ, ಸಂದಿಗೊಂದಿಗಳಲ್ಲಿ ತುರುಕಿ, ಒಂದು ತುಂಡು ಇನ್ನೊಂದನ್ನು ಹುಡುಕುವ ವಿಳಾಸಗಳನ್ನೆಲ್ಲ ತಿದ್ದಿದರು. ಏಪ್ರಿಲ್ 18ರಂದು ಕಳುಹಿಸಿದ ಮೊದಲ ಕಂತು ಫಲಿಸಿದ್ದು 20ರಂದು ಗೊತ್ತಾಯಿತು. ಕಡಿಮೆ ಜಾಗದಲ್ಲಿ ಕೋಡ್ ಬರೆಯುವುದನ್ನು ಮರೆತ ಈ ಕಾಲದಲ್ಲಿ ಇದು ದೊಡ್ಡ ಕಸುಬುದಾರಿಕೆ.

ಸೌರವ್ಯೂಹ ದಾಟಿದವು ಎಂದು ನಿರೂಪಕರು ಹೇಳುವಾಗ ಸ್ವಲ್ಪ ತಡೆದು ಕೇಳಿ. 2012ರ ಆಗಸ್ಟ್ 25ರಂದು ವಾಯೇಜರ್ 1, 2018ರ ನವೆಂಬರ್ 5ರಂದು ವಾಯೇಜರ್ 2 ದಾಟಿದ್ದು ಸೌರಮಾರುತದ, ಅಂದರೆ ಸೂರ್ಯನಿಂದ ಹೊರಬೀಳುವ ಕಣಗಳ ಹರಿವಿನ, ಗಡಿಯನ್ನು. ಸೂರ್ಯನ ಗುರುತ್ವದ ಹಿಡಿತದಲ್ಲಿರುವ ಹಿಮದುಂಡೆಗಳ ರಾಶಿಯಾದ ಊರ್ಟ್ ಮೋಡದ ಒಳಅಂಚು ಮುಟ್ಟಲೇ ಇನ್ನೂ ಸುಮಾರು 300 ವರ್ಷ ಬೇಕು. ಗಡಿ ದಾಟಿದ್ದು ಖಚಿತವಾಗಿದ್ದೂ ತಡವಾಗಿಯೇ. ವಿದ್ಯುದಾವೇಶದ ಕಣಗಳ ಅನಿಲವಾದ ಪ್ಲಾಸ್ಮಾವನ್ನು ಅಳೆಯುವ ವಾಯೇಜರ್ 1ರ ಉಪಕರಣ 1980ರಲ್ಲೇ ಕೆಟ್ಟಿತ್ತು. 2012ರ ಮಾರ್ಚ್‌ನಲ್ಲಿ ಸೂರ್ಯನಲ್ಲಿ ಎದ್ದ ಬಿರುಗಾಳಿ 13 ತಿಂಗಳ ಮೇಲೆ ಅಲ್ಲಿಗೆ ಮುಟ್ಟಿ ಎಲೆಕ್ಟ್ರಾನುಗಳನ್ನು ಕಂಪಿಸಿದಾಗ, ಆ ಕಂಪನದ ಶ್ರುತಿಯಿಂದ ಸಾಂದ್ರತೆ ಲೆಕ್ಕ ಹಾಕಿದರು: ಗಡಿಯ ಒಳಗಿನದಕ್ಕಿಂತ ಸುಮಾರು 40 ಪಟ್ಟು. ಅಂದರೆ ನೌಕೆ ಆಗಲೇ ಹೊರಗಿತ್ತು.

ಕೊನೆಗೆ 2025ರ ಒಂದು ಸಾಹಸ. ವಾಯೇಜರ್ 1 ಉರುಳದಂತೆ ಹಿಡಿದು, ದಿಕ್ಕು ತೋರುವ ನಕ್ಷತ್ರದ ಮೇಲೆ ಕಣ್ಣಿಡಲು ನೆರವಾಗುವ ಥ್ರಸ್ಟರುಗಳಲ್ಲಿ ಮುಖ್ಯ ಜೋಡಿ 2004ರಲ್ಲೇ ಸತ್ತಿತೆಂದು ಕೈಬಿಟ್ಟಿದ್ದರು. ಅವುಗಳ ಹೀಟರುಗಳಿಗೆ ವಿದ್ಯುತ್ ಹೋಗುತ್ತಿರಲಿಲ್ಲ. ಬದಲಿ ಜೋಡಿಯೂ ಕಟ್ಟಿಕೊಳ್ಳುತ್ತ ಬಂದಾಗ ಹಳೆಯ ದೋಷವನ್ನು ಮತ್ತೆ ಕೆದಕಿದರು. ಯಾವುದೋ ಸ್ವಿಚ್ಚು ತಪ್ಪು ಕಡೆಗೆ ಬಿದ್ದಿರಬಹುದೇ? ಅಪಾಯವೂ ಇತ್ತು: ಹೀಟರ್ ಹೊತ್ತುವ ಮುಂಚೆಯೇ ನಕ್ಷತ್ರ ಕಣ್ಣಳತೆ ತಪ್ಪಿದರೆ ಥ್ರಸ್ಟರ್ ತಾನಾಗಿ ಉರಿದು ಸಣ್ಣ ಸ್ಫೋಟವಾದೀತು. ಕಾಯಲು ಸಮಯವಿರಲಿಲ್ಲ, ನೌಕೆಗೆ ಆದೇಶ ಕಳುಹಿಸುವ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದ 70 ಮೀಟರ್ ಆಂಟೆನಾ ಮೇ ತಿಂಗಳಿಂದ ರಿಪೇರಿಗೆ ನಿಲ್ಲುವುದಿತ್ತು. ಮಾರ್ಚ್ 20ರಂದು ಉತ್ತರ ಬಂತು. ಇಪ್ಪತ್ತು ವರ್ಷ ತಣ್ಣಗಿದ್ದ ಹೀಟರಿನ ತಾಪಮಾನ ಸರ್ರನೆ ಏರುತ್ತಿತ್ತು.

ನಮಸ್ಕಾರ.